ಟರ್ಬೈನ್ ಒಳಗಿನ ಸೆನ್ಸರ್‌ಗೆ ಕರೆಂಟ್ ಎಲ್ಲಿಂದ ತರುವುದು?

ಹಾರುತ್ತಿರುವ ಪ್ರಯಾಣಿಕ ವಿಮಾನದ ಎಂಜಿನ್‌ನಲ್ಲಿ, ಬಿಸಿ ಗ್ಯಾಸಿನ ರಭಸಕ್ಕೆ ತಿರುಗುವ ಟರ್ಬೈನ್ ಬ್ಲೇಡ್ ಈ ಕ್ಷಣಕ್ಕೆ ಎಷ್ಟು ಬಿಸಿಯಾಗಿದೆ? ಪೈಲಟ್‌ಗೆ ಗೊತ್ತಿಲ್ಲ. ಬಹುತೇಕ ವಿಮಾನಗಳಲ್ಲಿ ಎಂಜಿನ್ ಕಂಪ್ಯೂಟರ್‌ಗೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮೊದಲ ಸಾಲಿನ ಬ್ಲೇಡ್‌ಗಳನ್ನು ದಾಟಿ ಹಿಂದಕ್ಕೆ ಬಂದ ಗ್ಯಾಸಿನ ಬಿಸಿ ಮಾತ್ರ. ಅದಕ್ಕೆ ಇಜಿಟಿ, ಅಂದರೆ ಎಕ್ಸಾಸ್ಟ್ ಗ್ಯಾಸ್ ಟೆಂಪರೇಚರ್ ಎನ್ನುತ್ತಾರೆ. ತಿರುಗದೇ ನಿಂತಿರುವ ಕೇಸಿಂಗ್‌ಗೆ ಸುತ್ತಲೂ ಬಿಸಿ ಅಳೆಯುವ ಥರ್ಮೋಕಪಲ್‌ಗಳನ್ನು ಸಿಕ್ಕಿಸಿರುತ್ತಾರೆ. ಅವುಗಳ ಸರಾಸರಿ ತೆಗೆದು, ಹಿಂದೆ ಇಷ್ಟಿದ್ದರೆ ಮುಂದೆ ಬ್ಲೇಡ್ ಹತ್ತಿರ ಇಷ್ಟಿರಬೇಕು ಎಂದು ಲೆಕ್ಕ ಕಟ್ಟುತ್ತಾರೆ. ಅಂದರೆ ಎಂಜಿನ್‌ನ ಅತಿ ದುಬಾರಿ, ಅತಿ ಸೂಕ್ಷ್ಮ ಭಾಗದ ಸ್ಥಿತಿಯನ್ನು ನಾವು ಇವತ್ತಿಗೂ ಅಂದಾಜಿನ ಮೇಲೆ ತಿಳಿದುಕೊಳ್ಳುತ್ತಿದ್ದೇವೆ.

ಬ್ಲೇಡ್ ಮೇಲೇ ಒಂದು ಸೆನ್ಸರ್ ಕೂರಿಸಿ, ವೈರ್ ಇಲ್ಲದೆ ಮಾಹಿತಿ ಹೊರಗೆ ತರಬಾರದೇ? ಈ ಪ್ರಶ್ನೆ ಹಳೆಯದು. ಈಗ ಮತ್ತೆ ಜೋರಾಗಿ ಕೇಳಿಬರುತ್ತಿದೆ, ಏಕೆಂದರೆ ಅಷ್ಟು ಬಿಸಿ ತಾಳುವ ಚಿಪ್‌ಗಳು ಲ್ಯಾಬ್‌ನಿಂದ ಹೊರಗೆ ಬರುತ್ತಿವೆ. ಈ ಬಗ್ಗೆ ಬರುವ ಸುದ್ದಿಗಳಲ್ಲಿ ವೈರ್‌ಲೆಸ್ ಎಂಬ ಮಾತಿಗೇ ಒತ್ತು ಜಾಸ್ತಿ. ನನ್ನ ಪ್ರಕಾರ ಗಂಟಿರುವುದು ಅಲ್ಲಿ ಅಲ್ಲ. ಮಾಹಿತಿಯನ್ನು ಹೊರಗೆ ತರುವುದಕ್ಕಿಂತ ಕರೆಂಟನ್ನು ಒಳಗೆ ಕಳಿಸುವುದೇ ಕಷ್ಟ. ಬ್ಲೇಡ್ ಮೇಲೆ ಕೊನೆಗೆ ಯಾವ ಸೆನ್ಸರ್ ಉಳಿಯುತ್ತದೆ ಎನ್ನುವುದನ್ನು ನಿರ್ಧರಿಸುವುದೂ ಅದೇ.

ಅಂದಾಜು ಸಾಲದೇ?

ಬ್ಲೇಡ್ ಸುತ್ತ ಹರಿಯುವ ಗ್ಯಾಸು ಈಗಿನ ದೊಡ್ಡ ಎಂಜಿನ್‌ಗಳಲ್ಲಿ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡ್ ಮಾಡಿರುವ ನಿಕ್ಕಲ್ ಮಿಶ್ರಲೋಹ ಕರಗಲು ಶುರುವಾಗುವುದು ಸುಮಾರು 1300 ಡಿಗ್ರಿಯ ಆಚೀಚೆ. ಆದರೂ ಬ್ಲೇಡ್ ಕರಗುವುದಿಲ್ಲ. ಅದರ ಒಳಗೆ ಟೊಳ್ಳು ದಾರಿಗಳಿವೆ. ಕಂಪ್ರೆಸರ್‌ನಿಂದ ತೆಗೆದ ಗಾಳಿ ಆ ದಾರಿಗಳಲ್ಲಿ ಹರಿದು, ಅರ್ಧ ಮಿಲಿಮೀಟರ್ ಆಸುಪಾಸಿನ ಸಣ್ಣ ತೂತುಗಳಿಂದ ಹೊರಬಂದು, ಬ್ಲೇಡ್ ಮೈಮೇಲೆ ತೆಳ್ಳನೆ ಹೊದಿಕೆಯಂತೆ ಹರಡುತ್ತದೆ. ಆ ಗಾಳಿಯೇ 600 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಅದನ್ನೇ ತಂಪು ಗಾಳಿ ಅಂತಾರೆ! ಇದರ ಜೊತೆಗೆ ಬ್ಲೇಡ್‌ಗೆ ಜಿರ್ಕೋನಿಯಾ ಸೆರಾಮಿಕ್ ಲೇಪವೂ ಇರುತ್ತದೆ. ಮಿಲಿಮೀಟರ್‌ನ ಕೆಲವು ಹತ್ತನೇ ಒಂದು ಭಾಗದಷ್ಟು ದಪ್ಪ, ಅಷ್ಟೇ.

ಈ ಏರ್ಪಾಡಿನಲ್ಲಿ ಸಣ್ಣ ಏರುಪೇರಿಗೂ ಬೆಲೆ ಇದೆ. ಬ್ಲೇಡ್ ಲೋಹದ ಬಿಸಿ 10ರಿಂದ 15 ಡಿಗ್ರಿ ಹೆಚ್ಚಾದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ಕ್ಷೇತ್ರದವರು ಬಾಯಿಪಾಠ ಮಾಡಿಕೊಂಡ ಲೆಕ್ಕ. ಸಾವಿರ ಡಿಗ್ರಿಯ ಜಾಗದಲ್ಲಿ 15 ಡಿಗ್ರಿ ಎಂದರೆ ಒಂದೂವರೆ ಪರ್ಸೆಂಟ್. ದೂರದಲ್ಲಿ ಅಳೆದು ಲೆಕ್ಕ ಕಟ್ಟುವ ಪದ್ಧತಿಯಲ್ಲಿ ಅಷ್ಟು ನಿಖರತೆ ಸಿಗುವುದು ಕಷ್ಟ.

ಒಂದು ಉದಾಹರಣೆ ನೋಡಿ. ಗಾಳಿಯ ಜೊತೆ ಸಣ್ಣ ಮರಳು ಅಥವಾ ಜ್ವಾಲಾಮುಖಿಯ ಬೂದಿ ಒಳಗೆ ಹೋಯಿತು ಎಂದುಕೊಳ್ಳೋಣ. ಆ ಬಿಸಿಗೆ ಅದು ಕರಗಿ, ಗಾಜಿನಂತಾಗಿ, ಬ್ಲೇಡ್‌ಗೆ ಅಂಟಿಕೊಳ್ಳುತ್ತದೆ. ಒಂದು ಬ್ಲೇಡ್‌ನ ನಾಲ್ಕೈದು ತೂತು ಮುಚ್ಚಿಹೋಗುತ್ತವೆ. ಆ ಬ್ಲೇಡ್ ಪಕ್ಕದವುಗಳಿಗಿಂತ ಹೆಚ್ಚು ಕಾಯುತ್ತದೆ. ಆದರೆ ಆ ಸುತ್ತಿನಲ್ಲಿ ಅಂಥ ಹತ್ತಾರು ಬ್ಲೇಡ್‌ಗಳಿವೆ. ಹಿಂದಿರುವ ಥರ್ಮೋಕಪಲ್‌ಗಳ ಸರಾಸರಿಯಲ್ಲಿ ಈ ಒಂದು ಬ್ಲೇಡ್‌ನ ಗೋಳು ಕಾಣುವುದೇ ಇಲ್ಲ. ಮುಂದಿನ ತಪಾಸಣೆಯಲ್ಲಿ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿದಾಗಷ್ಟೇ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕವೂ ಇದೆ. ಎಂಜಿನ್ ಕಂಪನಿಗಳು ಎಂಜಿನ್ ಮಾರುವುದಕ್ಕಿಂತ ಅದು ಓಡಿದ ಗಂಟೆಗಳನ್ನು ಮಾರುವುದೇ ಜಾಸ್ತಿ ಈಗ. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲೆ ಕಂಪನಿ ತನ್ನ ವೈಪರ್ ಎಂಜಿನ್‌ಗೆ ಈ ಪದ್ಧತಿ ತಂದಿತು, ಮುಂದೆ ರೋಲ್ಸ್ ರಾಯ್ಸ್ ಅದನ್ನು ಬೆಳೆಸಿತು. ಗಂಟೆಗೆ ಇಷ್ಟು ಎಂದು ಒಪ್ಪಂದವಾದ ಮೇಲೆ ಎಂಜಿನ್ ರಿಪೇರಿಗೆ ಬಂದರೆ ನಷ್ಟ ಕಂಪನಿಯದ್ದೇ. ಹಾಗಾಗಿ ಯಾವ ಬ್ಲೇಡ್ ಎಷ್ಟು ಸವೆದಿದೆ ಎಂದು ತಿಳಿಯುವ ಆಸೆ ಸುಮ್ನೆ ಹುಟ್ಟಿದ್ದಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಎಂಜಿನ್‌ಗೆ ಸಂಬಂಧಿಸಿದ ಯಾವ ದೊಡ್ಡ ತೊಂದರೆ ಆದರೂ "ಒಳಗೆ ಸೆನ್ಸರ್ ಇದ್ದಿದ್ದರೆ" ಎನ್ನುವ ವಾದ ಹೊರಡುತ್ತದೆ. 2023ರಲ್ಲಿ ಪ್ರ್ಯಾಟ್ ಆ್ಯಂಡ್ ವಿಟ್ನಿಯ ಗೇರ್ಡ್ ಟರ್ಬೋಫ್ಯಾನ್ ಎಂಜಿನ್‌ಗಳ, ಬ್ಲೇಡ್ ಹಿಡಿದಿರುವ ಡಿಸ್ಕ್‌ಗಳಲ್ಲಿ, ಲೋಹದ ಪುಡಿಯಲ್ಲೇ ಸೇರಿಕೊಂಡ ಕಲ್ಮಶದಿಂದ ಬಿರುಕು ಬರಬಹುದು ಎಂದು ತಿಳಿದುಬಂತು. 2026ರೊಳಗೆ 600ರಿಂದ 700 ಎಂಜಿನ್‌ಗಳನ್ನು ಹೆಚ್ಚುವರಿಯಾಗಿ ಇಳಿಸಿ ತಪಾಸಣೆ ಮಾಡಬೇಕಾಗುತ್ತದೆ ಎಂದು ಮಾತೃಸಂಸ್ಥೆಯೇ ಆ ಸೆಪ್ಟೆಂಬರ್‌ನಲ್ಲಿ ಹೇಳಿತು. ಬ್ಲೇಡ್ ಮೇಲೆ ಬಿಸಿ ಅಳೆಯುವ ಸೆನ್ಸರ್ ಇದ್ದಿದ್ದರೂ ಅದು ಇದನ್ನು ಹಿಡಿಯುತ್ತಿರಲಿಲ್ಲ. ಲೋಹದ ಒಳಗಿನ ಆ ಬಗೆಯ ದೋಷಕ್ಕೆ ಅಲ್ಟ್ರಾಸೌಂಡ್ ತಪಾಸಣೆಯೇ ಬೇಕು. ಸೆನ್ಸರ್ ಏನು ಅಳೆಯುತ್ತದೋ ಅದನ್ನು ಮಾತ್ರ ಹೇಳುತ್ತದೆ. ಇದನ್ನು ಮರೆತು ಬರೆದ ಲೇಖನಗಳು ಬಹಳ.

ಒಂದು ಗ್ರಾಂ, ಐವತ್ತಾರು ಕಿಲೋ

ಬಿಸಿಯಷ್ಟೇ ಅಲ್ಲ, ತಿರುಗುವಿಕೆಯ ಹಾವಳಿಯೂ ಇದೆ. ಈ ಬ್ಲೇಡ್‌ಗಳನ್ನು ಹೊತ್ತ ಹೈ ಪ್ರೆಷರ್ ಶಾಫ್ಟ್ ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದೆ, ಬ್ಲೇಡ್ ಶಾಫ್ಟ್‌ನ ನಡುವಿನಿಂದ 35 ಸೆಂಟಿಮೀಟರ್ ದೂರದಲ್ಲಿದೆ ಎಂದು ಲೆಕ್ಕ ಹಾಕಿ. ಹೊರಕ್ಕೆ ಎಳೆಯುವ ಬಲ ಗುರುತ್ವಾಕರ್ಷಣೆಯ ಸುಮಾರು 56,000 ಪಟ್ಟು. ಒಂದು ಗ್ರಾಂ ತೂಕದ ಚಿಪ್ ಅಲ್ಲಿ 56 ಕಿಲೋ ಭಾರವಾಗುತ್ತದೆ. ವಿದ್ಯುತ್ ಸ್ಥಾವರದ ದೊಡ್ಡ ಗ್ಯಾಸ್ ಟರ್ಬೈನ್ ನಿಮಿಷಕ್ಕೆ 3000 ಸುತ್ತು ಮಾತ್ರ ತಿರುಗುತ್ತದೆ. ಆದರೆ ಅದರ ಗಾತ್ರ ದೊಡ್ಡದು. ಒಂದು ಮೀಟರ್ ದೂರದಲ್ಲಿ ಅಲ್ಲೂ ಹತ್ತು ಸಾವಿರ ಪಟ್ಟು ಬರುತ್ತದೆ.

ಇಂಥ ಕಡೆ ಸ್ಕ್ರೂ ಹಾಕಿ ಡಬ್ಬಿ ಕೂರಿಸುವ ಮಾತೇ ಇಲ್ಲ. ಬ್ಲೇಡ್ ಮೇಲೆ ಏನಿದ್ದರೂ ಅದು ಲೇಪದಂತೆ ತೆಳ್ಳಗಿರಬೇಕು. ಗಾಳಿಯ ಹರಿವನ್ನು ಕೆಡಿಸಬಾರದು. ಶಾಫ್ಟ್‌ನ ಸಮತೋಲನ ತಪ್ಪಿಸಬಾರದು. ಕಳಚಿ ಬಿದ್ದರೆ ಹಿಂದಿನ ಸಾಲುಗಳಿಗೆ ಏಟು ಕೊಡಬಾರದು. ಅದಕ್ಕೇ ಬ್ಲೇಡ್ ಮೇಲೆ ಪ್ಲಾಟಿನಂ ಮತ್ತು ಪ್ಲಾಟಿನಂ-ರೋಡಿಯಂನ ಎರಡು ತೆಳು ಪಟ್ಟಿಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಹಚ್ಚಿ ಥರ್ಮೋಕಪಲ್ ಮಾಡುತ್ತಾರೆ. ಸೆನ್ಸರ್ ಭಾಗ ಹೀಗೆ ಎಂದೋ ಬಗೆಹರಿದಿದೆ. ತಲೆನೋವು ಶುರುವಾಗುವುದು ಅದರ ಎರಡು ತುದಿಗಳಿಂದ.

ಪ್ಲಾಟಿನಂ ಬಗೆಯ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 10 ಮೈಕ್ರೋವೋಲ್ಟ್. ಒಂದು ವೋಲ್ಟ್‌ನ ಲಕ್ಷದಲ್ಲಿ ಒಂದು ಭಾಗ. ಇಷ್ಟು ಬಡಪಾಯಿ ಸಿಗ್ನಲ್ಲನ್ನು ಹಾಗೇ ದೂರ ಕಳಿಸಿದರೆ ದಾರಿಯಲ್ಲೇ ಗದ್ದಲದಲ್ಲಿ ಕಳೆದುಹೋಗುತ್ತದೆ. ಹತ್ತಿರದಲ್ಲೇ ದೊಡ್ಡದು ಮಾಡಬೇಕು ಎಂದರೆ ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್‌ಗೆ ಕರೆಂಟ್ ಬೇಕು.

ಹಳೆಯ ದಾರಿ ಸ್ಲಿಪ್ ರಿಂಗ್. ಶಾಫ್ಟ್ ತುದಿಯಲ್ಲಿ ಲೋಹದ ಉಂಗುರಗಳು ತಿರುಗುತ್ತವೆ, ನಿಂತಿರುವ ಬ್ರಶ್‌ಗಳು ಅವುಗಳನ್ನು ಮುಟ್ಟಿಕೊಂಡಿರುತ್ತವೆ. ದಶಕಗಳಿಂದ ಟೆಸ್ಟ್ ಎಂಜಿನ್‌ಗಳಲ್ಲಿ ನಡೆದುಬಂದಿದೆ. ನೂರಾರು ಚಾನೆಲ್ ಸಿಗುತ್ತವೆ. ಆದರೆ ಬ್ರಶ್ ಸವೆಯುತ್ತದೆ, ಉಜ್ಜುವಿಕೆಯಿಂದ ಗದ್ದಲ ಹುಟ್ಟುತ್ತದೆ, ತಂಪು ಮಾಡಲು ಬೇರೆಯೇ ವ್ಯವಸ್ಥೆ ಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಜಾಗದ್ದು. ಈಗಿನ ಎಂಜಿನ್‌ಗಳಲ್ಲಿ ಶಾಫ್ಟ್ ಒಂದಲ್ಲ. ಒಂದರೊಳಗೊಂದು ಎರಡು ಇರುತ್ತವೆ, ಕೆಲವು ರೋಲ್ಸ್ ರಾಯ್ಸ್ ಎಂಜಿನ್‌ಗಳಲ್ಲಿ ಮೂರು. ಅತಿ ಬಿಸಿಯಾದ ಟರ್ಬೈನ್ ಕೂತಿರುವುದು ಹೊರಗಿನ ಶಾಫ್ಟ್ ಮೇಲೆ. ಅದರ ತುದಿ ಎಂಜಿನ್‌ನ ಹೊಟ್ಟೆಯೊಳಗೇ ಮುಗಿಯುತ್ತದೆ. ಅಲ್ಲಿಂದ ಹೊರಕ್ಕೆ ವೈರ್ ಎಳೆಯಬೇಕೆಂದರೆ ಎಂಜಿನ್ ಅನ್ನೇ ಅದಕ್ಕೆ ತಕ್ಕಂತೆ ಕೊರೆಯಬೇಕು.

ಚಿಪ್‌ಗೆ ಜ್ವರ ಬಂದಾಗ

ಹಾಗಾಗಿ ತಿರುಗುವ ಶಾಫ್ಟ್ ಮೇಲೇ ಎಲೆಕ್ಟ್ರಾನಿಕ್ಸ್ ಕೂರಿಸಿ ರೇಡಿಯೋದಲ್ಲಿ ಮಾಹಿತಿ ಕಳಿಸುವ ಟೆಲಿಮೆಟ್ರಿ ಬಂತು. ಇದು ಇವತ್ತು ಟೆಸ್ಟ್‌ಗಳಲ್ಲಿ ಮಾಮೂಲಿ. ಆದರೆ ಆ ಪೆಟ್ಟಿಗೆಯನ್ನು ಬ್ಲೇಡ್‌ನಿಂದ ಎಷ್ಟೋ ದೂರ, ಶಾಫ್ಟ್‌ನ ತಂಪು ಭಾಗದಲ್ಲಿ ಇಡುತ್ತಾರೆ. ಅದಕ್ಕೂ ಕಾರಣ ಇದೆ.

ಮಾಮೂಲಿ ಸಿಲಿಕಾನ್ ಚಿಪ್‌ಗೆ 125 ಡಿಗ್ರಿ ಮಿತಿ. ಸಿಲಿಕಾನ್ ಕೆಲಸ ಮಾಡುವುದೇ ಅದರಲ್ಲಿ ಬೇಕೆಂದೇ ಬೆರೆಸಿದ ಬೇರೆ ಪರಮಾಣುಗಳಿಂದ. ಅವು ಎಷ್ಟು ಎಲೆಕ್ಟ್ರಾನ್ ಕೊಡುತ್ತವೆ ಎನ್ನುವ ಲೆಕ್ಕ ವಿನ್ಯಾಸ ಮಾಡಿದವರ ಕೈಯಲ್ಲಿರುತ್ತದೆ. ಬಿಸಿ ಏರಿದಂತೆ ಸಿಲಿಕಾನ್ ತಾನೇ ಎಲೆಕ್ಟ್ರಾನ್‌ಗಳನ್ನು ಬಿಡಲು ಶುರು ಮಾಡುತ್ತದೆ. 300 ಡಿಗ್ರಿ ಹೊತ್ತಿಗೆ ಆ ಲೆಕ್ಕ ಪೂರ್ತಿ ಕೆಟ್ಟುಹೋಗುತ್ತದೆ. ಆಫ್ ಮಾಡಿದ ಟ್ರಾನ್ಸಿಸ್ಟರ್ ಕೂಡ ಕರೆಂಟ್ ಸೋರುತ್ತಲೇ ಇರುತ್ತದೆ. ಇನ್ಸುಲೇಟರ್ ಪದರದ ಮೇಲೆ ಸಿಲಿಕಾನ್ ಹಚ್ಚಿ ಮಾಡಿದ ವಿಶೇಷ ಚಿಪ್‌ಗಳು 225 ಡಿಗ್ರಿವರೆಗೆ ಎಳೆಯುತ್ತವೆ. ಅಲ್ಲಿಗೆ ಸಿಲಿಕಾನ್ ಕತೆ ಹೆಚ್ಚೂಕಮ್ಮಿ ಮುಗಿಯಿತು.

ಚಿಪ್ ಬದುಕಿದರೂ ಅದನ್ನು ಹಿಡಿದಿರುವ ಬೆಸುಗೆ ಬದುಕಬೇಕಲ್ವಾ? ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ನೀರಾಗುತ್ತದೆ. ಸೀಸವಿಲ್ಲದ ಹೊಸದು 217ರ ಹೊತ್ತಿಗೆ. ಹಸಿರು ಸರ್ಕ್ಯೂಟ್ ಬೋರ್ಡ್ ಅದಕ್ಕೂ ಮುಂಚೆಯೇ ಮೆತ್ತಗಾಗುತ್ತದೆ. ಹಾಗಾಗಿ ಬೋರ್ಡ್ ಬದಲು ಸೆರಾಮಿಕ್, ಬೆಸುಗೆ ಬದಲು ಚಿನ್ನ, ಪ್ಲಾಸ್ಟಿಕ್ ಬದಲು ಗಾಜು. ಎಲ್ಲವನ್ನೂ ಬುಡದಿಂದ ಬೇರೆ ಮಾಡಬೇಕು.

ಇಲ್ಲಿ ಭರವಸೆ ಕೊಟ್ಟಿರುವುದು ಸಿಲಿಕಾನ್ ಕಾರ್ಬೈಡ್. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾ ಗ್ಲೆನ್ ಕೇಂದ್ರದವರು ಇದರಿಂದ ಮಾಡಿದ ಸರ್ಕ್ಯೂಟ್‌ಗಳನ್ನು 500 ಡಿಗ್ರಿಯ ಒಲೆಯಲ್ಲಿ ಸಾವಿರಾರು ಗಂಟೆ ಓಡಿಸಿದ್ದಾರೆ. ಶುಕ್ರಗ್ರಹದ ನೆಲದ ವಾತಾವರಣವನ್ನು ನಕಲು ಮಾಡಿದ ಕೋಣೆಯಲ್ಲೂ ಇಟ್ಟರು. 460 ಡಿಗ್ರಿ ಬಿಸಿ, ಭೂಮಿಯ ತೊಂಬತ್ತು ಪಟ್ಟಿಗೂ ಹೆಚ್ಚಿನ ಒತ್ತಡ. ಯಾವ ರಕ್ಷಣಾ ಡಬ್ಬಿಯೂ ಇಲ್ಲದೆ 521 ಗಂಟೆ ಕೆಲಸ ಮಾಡಿತು. ಫಲಿತಾಂಶ ಪ್ರಕಟವಾಗಿದ್ದು 2016ರ ಕೊನೆಯಲ್ಲಿ. ಶುಕ್ರಗ್ರಹಕ್ಕೆಂದು ಮಾಡಿದ ಚಿಪ್‌ಗೂ ಜೆಟ್ ಎಂಜಿನ್‌ಗೂ ಇಷ್ಟು ಹತ್ತಿರದ ನಂಟು ಇರುವುದು ನನಗಂತೂ ಖುಷಿ ಕೊಡುವ ಸಂಗತಿ. 2024ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 600 ಡಿಗ್ರಿಯಲ್ಲೂ ಮಾಹಿತಿ ಉಳಿಸಿಕೊಳ್ಳುವ ಮೆಮೊರಿ ಸಾಧನವನ್ನು ತೋರಿಸಿತು.

ಆದರೆ ಇವನ್ನು ನಮ್ಮ ಫೋನ್ ಚಿಪ್ ಜೊತೆ ಹೋಲಿಸಿ ನೋಡಬೇಡಿ. ಫೋನ್‌ನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರ್. ನಾಸಾದ ಈ ಚಿಪ್‌ಗಳಲ್ಲಿ ಕೆಲವು ನೂರು. ಒಂದು ಆಂಪ್ಲಿಫೈಯರ್, ಒಂದು ಆಸಿಲೇಟರ್, ಸಣ್ಣ ಲಾಜಿಕ್, ಇಷ್ಟಕ್ಕೆ ಸಾಕು. ಇನ್ನೊಂದು ಮಾತು. 500 ಡಿಗ್ರಿ ದೊಡ್ಡ ಸಾಧನೆಯೇ. ಆದರೆ ಬ್ಲೇಡ್ ಮೈ ಸಾವಿರ ಡಿಗ್ರಿ ಇರುತ್ತದೆ. ಅಂದರೆ ಇಷ್ಟೆಲ್ಲಾ ಮಾಡಿದರೂ ಚಿಪ್ ಬ್ಲೇಡ್ ಮೇಲೆ ಕೂರುವುದಿಲ್ಲ. ಬ್ಲೇಡ್‌ನ ಬೇರು ಡಿಸ್ಕ್‌ಗೆ ಸೇರುವ ಜಾಗದವರೆಗೆ ಬರಬಹುದು, ಅಷ್ಟೇ.

ಕರೆಂಟಿನ ದಾರಿ

ಬೇರಿನ ಹತ್ತಿರ ಚಿಪ್ ಕೂತಿತು ಎಂದೇ ಇಟ್ಟುಕೊಳ್ಳಿ. ಊಟ ಎಲ್ಲಿಂದ? ಬ್ಯಾಟರಿಯನ್ನು ಮರೆತುಬಿಡಿ. ಫೋನ್‌ನ ಲಿಥಿಯಂ ಬ್ಯಾಟರಿ 60 ಡಿಗ್ರಿಗೇ ಒದ್ದಾಡುತ್ತದೆ. ತೈಲಬಾವಿಗಳಿಗೆಂದು ಮಾಡಿದ ಲಿಥಿಯಂ ಬ್ಯಾಟರಿಗಳೂ 200 ಡಿಗ್ರಿ ಹತ್ತಿರ ಕೈಚೆಲ್ಲುತ್ತವೆ.

ಅಲ್ಲೇ ಹುಟ್ಟಿಸಿಕೊಳ್ಳಬಹುದಲ್ಲ ಎನ್ನಿಸುತ್ತದೆ. ಅಷ್ಟೊಂದು ಬಿಸಿ, ಅಷ್ಟೊಂದು ನಡುಕ ಇದೆಯಲ್ಲ. ಬಿಸಿಯ ವ್ಯತ್ಯಾಸದಿಂದ ಕರೆಂಟ್ ಮಾಡುವ ಬಿಸ್ಮತ್ ಟೆಲ್ಯುರೈಡ್ 250 ಡಿಗ್ರಿಯ ಮೇಲೆ ಪ್ರಯೋಜನಕ್ಕೆ ಬರುವುದಿಲ್ಲ. ನಡುಕದಿಂದ ಕರೆಂಟ್ ಮಾಡುವ ಪಿಜೆಡ್‌ಟಿ ಎಂಬ ಪೀಜೋ ಸೆರಾಮಿಕ್ 350 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಬೇರೆ ವಸ್ತುಗಳಿವೆ, ಆದರೆ ಸಿಗುವ ಕರೆಂಟ್ ಕಡಿಮೆ. ಬ್ಲೇಡ್ ಜೋರಾಗಿ ನಡುಗುವುದನ್ನೇ ನೆಚ್ಚಿಕೊಂಡು ಬ್ಲೇಡ್ ಚೆನ್ನಾಗಿದೆಯೇ ಎಂದು ನೋಡುವ ಸೆನ್ಸರ್‌ಗೆ ಊಟ ಹಾಕುವುದೂ ವಿಚಿತ್ರವೇ.

ಉಳಿಯುವುದು ಕಾಯಿಲ್. ನಿಂತ ಭಾಗದಲ್ಲಿ ಒಂದು ಉಂಗುರ ಕಾಯಿಲ್, ಶಾಫ್ಟ್ ಮೇಲೆ ಒಂದು ಉಂಗುರ ಕಾಯಿಲ್, ನಡುವೆ ಕೆಲವು ಮಿಲಿಮೀಟರ್ ಸಂದು. ತಿರುಗುವ ಟ್ರಾನ್ಸ್‌ಫಾರ್ಮರ್ ಎನ್ನಬಹುದು. ಮೆಟ್ರೋ ಗೇಟಿಗೆ ಹಿಡಿಯುವ ಕಾರ್ಡ್ ಇದೇ ತತ್ವದ ಮೇಲೆ ನಡೆಯುತ್ತದೆ. ಕಾರ್ಡ್‌ನಲ್ಲಿ ಬ್ಯಾಟರಿ ಇಲ್ಲ. ಗೇಟ್ ಕೊಟ್ಟ ಶಕ್ತಿಯಲ್ಲೇ ಎದ್ದು, ಅದೇ ಅಲೆಯನ್ನು ಸ್ವಲ್ಪ ಅಲುಗಿಸಿ ಉತ್ತರ ಕೊಡುತ್ತದೆ. ಟರ್ಬೈನ್‌ನಲ್ಲೂ ಒಂದೇ ಜೋಡಿ ಕಾಯಿಲ್‌ನಲ್ಲಿ ಶಕ್ತಿ ಒಳಗೆ, ಮಾಹಿತಿ ಹೊರಗೆ ಎಂದು ಮಾಡಬಹುದು.

ಮಾಡಬಹುದು ನಿಜ, ಆದರೆ ಅಲ್ಲಿ ಕಬ್ಬಿಣ-ನಿಕ್ಕಲ್ ಸುತ್ತುವರಿದಿದೆ. 2007ರಲ್ಲಿ ಎಂಐಟಿಯವರು ಎರಡು ಮೀಟರ್ ದೂರದ 60 ವ್ಯಾಟ್ ಬಲ್ಬನ್ನು ವೈರ್ ಇಲ್ಲದೆ ಉರಿಸಿ ಸುದ್ದಿ ಮಾಡಿದ್ದರು. ಅದು ಖಾಲಿ ಗಾಳಿಯಲ್ಲಿ. ಎಂಜಿನ್‌ನಲ್ಲಿ ಕಾಯಿಲ್ ಪಕ್ಕದಲ್ಲಿರುವ ಪ್ರತಿ ಲೋಹದ ಉಂಗುರವೂ ಎರಡು ತುದಿ ಸೇರಿಸಿಬಿಟ್ಟ ಒಂದು ಸುತ್ತಿನ ಕಾಯಿಲ್‌ನಂತೆ ವರ್ತಿಸುತ್ತದೆ. ನಾವು ಕಳಿಸಿದ ಶಕ್ತಿಯನ್ನು ಅದೇ ಕುಡಿದು, ಸುಳಿ ಕರೆಂಟಾಗಿ ತಿರುಗಿಸಿ, ಬಿಸಿಯಾಗಿಸುತ್ತದೆ. ಇದನ್ನು ತಡೆಯಲು ಕಾಯಿಲ್ ಹಿಂದೆ ಫೆರೈಟ್ ಎಂಬ ಅಯಸ್ಕಾಂತ ಗುಣದ ಸೆರಾಮಿಕ್ ಇಡುತ್ತಾರೆ. ಪವರ್ ಕೆಲಸಕ್ಕೆ ಬಳಸುವ ಸಾಮಾನ್ಯ ಫೆರೈಟ್ 200ರಿಂದ 250 ಡಿಗ್ರಿ ಹೊತ್ತಿಗೆ ಅಯಸ್ಕಾಂತ ಗುಣವನ್ನೇ ಬಿಟ್ಟುಬಿಡುತ್ತದೆ. ಕಬ್ಬಿಣ 770 ಡಿಗ್ರಿವರೆಗೆ ತಡೆಯುತ್ತದೆ, ಕೋಬಾಲ್ಟ್ 1100 ದಾಟುತ್ತದೆ. ಆದರೆ ಅವು ಲೋಹ, ಅವುಗಳಲ್ಲೇ ಸುಳಿ ಕರೆಂಟ್ ಹುಟ್ಟುತ್ತದೆ. ತಾಮ್ರದ ವೈರ್ ಮೇಲಿನ ಎನಾಮಲ್ 240 ಡಿಗ್ರಿ ಆಚೆಗೆ ಬಾಳುವುದಿಲ್ಲ. ಸೆರಾಮಿಕ್ ಹೊದಿಕೆಯ ವೈರ್ ಬಿಸಿ ತಾಳುತ್ತದೆ, ಆದರೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಎಂಜಿನ್ ಕಾದು ಹಿಗ್ಗಿದಾಗ ಶಾಫ್ಟ್ ಮುಂದಕ್ಕೂ ಹಿಂದಕ್ಕೂ ಸರಿಯುವುದರಿಂದ ಸಂದನ್ನು ತೀರಾ ಕಿರಿದು ಮಾಡುವಂತೆಯೂ ಇಲ್ಲ.

ಕೊನೆಗೆ ಬೇಕಾಗಿರುವುದು ಎಷ್ಟು ಕರೆಂಟ್ ಅಂತೀರಿ? ಹತ್ತಾರು ಚಾನೆಲ್‌ಗೂ ಕೆಲವೇ ವ್ಯಾಟ್. ಸಾವಿರಾರು ಕಿಲೋವ್ಯಾಟ್ ಹುಟ್ಟಿಸುವ ಯಂತ್ರದ ಒಳಗೆ ಕೆಲವು ವ್ಯಾಟ್ ತಲುಪಿಸಲು ಇಷ್ಟು ಪಾಡು.

ಊಟವೇ ಬೇಡದ ಸೆನ್ಸರ್

ಊಟ ಕೊಡುವುದು ಇಷ್ಟು ಕಷ್ಟವಾದರೆ ಊಟವೇ ಬೇಡದ ಸೆನ್ಸರ್ ಮಾಡೋಣ ಎನ್ನುವ ಯೋಚನೆ ಇಲ್ಲಿ ಹುಟ್ಟಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಅತಿ ಚೆಂದದ ಕೆಲಸ ಇದೇ. ಇದನ್ನು ಸಾ (ಸರ್ಫೇಸ್ ಅಕೌಸ್ಟಿಕ್ ವೇವ್) ಸೆನ್ಸರ್ ಎನ್ನುತ್ತಾರೆ. ಹರಳಿನ ಮೈಮೇಲೆ ಓಡುವ ಶಬ್ದದ ಅಲೆಯನ್ನು ಬಳಸುವ ಸೆನ್ಸರ್ ಎಂದರ್ಥ.

ಒಂದು ಪುಟ್ಟ ಹರಳು. ಅದರ ಮೇಲೆ ಬಾಚಣಿಗೆ ಹಲ್ಲುಗಳಂತೆ ಹಚ್ಚಿದ ಲೋಹದ ಗೆರೆಗಳು. ಅದಕ್ಕೊಂದು ಆಂಟೆನಾ. ಟ್ರಾನ್ಸಿಸ್ಟರ್ ಇಲ್ಲ, ಬ್ಯಾಟರಿ ಇಲ್ಲ, ಏನೂ ಇಲ್ಲ. ಹೊರಗಿನಿಂದ ಒಂದು ರೇಡಿಯೋ ಪಲ್ಸ್ ಬರುತ್ತದೆ. ಬಾಚಣಿಗೆ ಅದನ್ನು ಹರಳಿನ ಮೈಮೇಲೆ ಶಬ್ದದ ಅಲೆಯಾಗಿ ಬದಲಿಸುತ್ತದೆ. ಅಲೆ ಓಡಿ, ತಟ್ಟಿ, ವಾಪಸ್ ಬರುತ್ತದೆ. ಬಾಚಣಿಗೆ ಮತ್ತೆ ಅದನ್ನು ರೇಡಿಯೋ ಮಾಡಿ ಕಳಿಸುತ್ತದೆ. ಹರಳು ಬಿಸಿಯಾದರೆ ಅಲೆಯ ವೇಗ ಬದಲಾಗುತ್ತದೆ. ವಾಪಸ್ ಬಂದ ಪ್ರತಿಧ್ವನಿಯ ಸಮಯ ಅಥವಾ ಫ್ರೀಕ್ವೆನ್ಸಿ ನೋಡಿದರೆ ಬಿಸಿ ಎಷ್ಟೆಂದು ಗೊತ್ತಾಗುತ್ತದೆ.

ಇದರಲ್ಲಿ ಒಂದು ಅದೃಷ್ಟದ ಲೆಕ್ಕ ಅಡಗಿದೆ. ಎಂಜಿನ್ ಒಳಗೆ ಲೋಹವೇ ಲೋಹ. ರೇಡಿಯೋ ಪಲ್ಸ್ ಬಿಟ್ಟರೆ ಗೋಡೆಯಿಂದ ಗೋಡೆಗೆ ಬಡಿದು ಎಲ್ಲಾ ಕಡೆಯಿಂದ ಮಾರ್ದನಿ ಬರುತ್ತದೆ. ಆದರೆ ರೇಡಿಯೋ ಓಡುವುದು ಬೆಳಕಿನ ವೇಗದಲ್ಲಿ. ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್. ಅಷ್ಟು ಹೊತ್ತಿಗೆ ಆ ಗದ್ದಲ ಸುಸ್ತಾಗಿ ಅಡಗಿರುತ್ತದೆ. ಹರಳಿನ ಮೇಲಿನ ಅಲೆಯೋ, ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದ್ದು. ಒಂದು ಲಕ್ಷ ಪಟ್ಟು ನಿಧಾನ. ಮೂರು ಮಿಲಿಮೀಟರ್ ಓಡಲು ಅದಕ್ಕೆ ಒಂದು ಮೈಕ್ರೋಸೆಕೆಂಡ್ ಬೇಕು. ಎಲ್ಲರ ಕೂಗಾಟ ಮುಗಿದ ಮೇಲೆ ಇದರ ಉತ್ತರ ತಣ್ಣಗೆ ಬರುತ್ತದೆ.

ತಿರುಗುವಿಕೆಯೂ ಅಡ್ಡಿಯಲ್ಲ. ನಿಮಿಷಕ್ಕೆ 12,000 ಸುತ್ತು ಎಂದರೆ ಒಂದು ಸುತ್ತಿಗೆ 5 ಮಿಲಿಸೆಕೆಂಡ್. ಕೇಸಿಂಗ್‌ನಲ್ಲಿರುವ ಆಂಟೆನಾಕ್ಕೆ ಬ್ಲೇಡ್ ಹತ್ತು ಡಿಗ್ರಿ ಕೋನದಷ್ಟು ಹೊತ್ತು ಮಾತ್ರ ಕಂಡರೂ 140 ಮೈಕ್ರೋಸೆಕೆಂಡ್ ಸಿಗುತ್ತದೆ. ಒಂದು ಪ್ರಶ್ನೋತ್ತರಕ್ಕೆ ಕೆಲವೇ ಮೈಕ್ರೋಸೆಕೆಂಡ್ ಸಾಕು.

ಹರಳು ಯಾವುದು ಎನ್ನುವುದರ ಮೇಲೆ ಎಲ್ಲಾ ನಿಂತಿದೆ. ಗಡಿಯಾರದ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ತನ್ನ ಒಳರಚನೆ ಬದಲಿಸಿಬಿಡುತ್ತದೆ. ಲ್ಯಾಂಗಸೈಟ್ ಎಂಬ ಹರಳಿಗೆ ಆ ಕಾಟ ಇಲ್ಲ. ಲ್ಯಾಂಥನಂ, ಗ್ಯಾಲಿಯಂ, ಸಿಲಿಕಾನ್, ಆಕ್ಸಿಜನ್ ಸೇರಿದ ಹರಳು ಅದು. ಕರಗುವವರೆಗೆ, ಅಂದರೆ 1470 ಡಿಗ್ರಿವರೆಗೆ, ರಚನೆ ಬದಲಾಗುವುದಿಲ್ಲ. ಅಮೆರಿಕದ ಮೇನ್ ವಿಶ್ವವಿದ್ಯಾಲಯದವರು ಇದರ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ, ಪುಟ್ಟ ಜೆಟ್ ಎಂಜಿನ್‌ಗಳಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. ಹರಳು ತಾಳಿತು, ಆದರೆ ಅದರ ಮೇಲಿನ ಪ್ಲಾಟಿನಂ ಗೆರೆಗಳು ತಾಳಲಿಲ್ಲ. ಅಷ್ಟು ತೆಳ್ಳನೆ ಪ್ಲಾಟಿನಂ 700 ಡಿಗ್ರಿಯ ಮೇಲೆ ಹನಿಹನಿಯಾಗಿ ಮುದುಡಿಕೊಳ್ಳುತ್ತದೆ. ಪ್ಲಾಟಿನಂ-ರೋಡಿಯಂ ಜೊತೆ ಜಿರ್ಕೋನಿಯಾ ಬೆರೆಸಿ ಅವರು ಇದಕ್ಕೆ ಪರಿಹಾರ ಕಂಡುಕೊಂಡರು.

ಆಂಟೆನಾ ವಿಷಯದಲ್ಲಿ ಮಾತ್ರ ಎರಡೂ ಕಡೆಯಿಂದ ಎಳೆದಾಟ ಇದೆ. 433 ಮೆಗಾಹರ್ಟ್ಜ್ ಬಳಸಿದರೆ ಕಾಲು ಅಲೆಯ ಆಂಟೆನಾ 17 ಸೆಂಟಿಮೀಟರ್ ಬೇಕು. ಬ್ಲೇಡ್ ಇರುವುದೇ ಐದಾರು ಸೆಂಟಿಮೀಟರ್. 2.45 ಗಿಗಾಹರ್ಟ್ಜ್‌ಗೆ ಏರಿದರೆ ಮೂರು ಸೆಂಟಿಮೀಟರ್ ಸಾಕು, ಬ್ಲೇಡ್ ಮೇಲೆ ಹಿಡಿಸುತ್ತದೆ. ಆದರೆ ಆಗ ಹರಳಿನ ಮೇಲಿನ ಗೆರೆಗಳ ಅಗಲ ಒಂದೂವರೆ ಮೈಕ್ರಾನ್‌ನಿಂದ 0.3 ಮೈಕ್ರಾನ್‌ಗೂ ಕೆಳಗೆ ಇಳಿಯಬೇಕು. ಗೆರೆ ಕಿರಿದಾದಷ್ಟೂ ಬಿಸಿಗೆ ಬೇಗ ಮುದುಡುತ್ತದೆ. ಒಂದು ಕಡೆ ಗೆದ್ದರೆ ಇನ್ನೊಂದು ಕಡೆ ಸೋಲು. ಇದರ ಮೇಲೆ, ಬ್ಲೇಡ್ ಹೊರಕ್ಕೆ ಎಳೆದುಕೊಂಡಾಗ ಹರಳೂ ಹಿಗ್ಗುತ್ತದೆ, ಫ್ರೀಕ್ವೆನ್ಸಿ ಅದರಿಂದಲೂ ಬದಲಾಗುತ್ತದೆ. ಬದಲಾವಣೆ ಬಿಸಿಯಿಂದ ಬಂತೋ ಎಳೆತದಿಂದ ಬಂತೋ ತಿಳಿಯಲು ಬೇರೆ ಬೇರೆ ದಿಕ್ಕಿಗೆ ಕೂರಿಸಿದ ಎರಡು ಸೆನ್ಸರ್ ಬೇಕಾಗುತ್ತವೆ.

ಹೊರಗೇ ನಿಂತು ನೋಡುವವರು

ಈ ಕತೆಯಲ್ಲಿ ವೈರ್‌ಲೆಸ್ ಸೆನ್ಸರ್‌ನವರು ಅಷ್ಟಾಗಿ ಹೇಳದ ಪೈಪೋಟಿ ಒಂದಿದೆ. ಬ್ಲೇಡ್ ಮೇಲೆ ಏನನ್ನೂ ಇಡದೆ ಕೇಸಿಂಗ್‌ನಿಂದಲೇ ನೋಡುವ ವಿಧಾನಗಳು. ಬ್ಲೇಡ್ ತುದಿ ಪ್ರತಿ ಸುತ್ತಿನಲ್ಲೂ ಒಂದು ಪ್ರೋಬ್ ಮುಂದೆ ಹಾದುಹೋಗುವ ಸಮಯ ಅಳೆಯುವುದು ಒಂದು ವಿಧಾನ. ಅದಕ್ಕೆ ಟಿಪ್ ಟೈಮಿಂಗ್ ಎನ್ನುತ್ತಾರೆ. ತುದಿ ಸೆಕೆಂಡಿಗೆ 400 ಮೀಟರ್ ವೇಗದಲ್ಲಿದ್ದರೆ, ಮಿಲಿಮೀಟರ್‌ನ ಹತ್ತನೇ ಒಂದು ಭಾಗ ಬಾಗಿದರೂ 250 ನ್ಯಾನೋಸೆಕೆಂಡ್ ಬೇಗ ಅಥವಾ ತಡವಾಗಿ ಬರುತ್ತದೆ. ಅದನ್ನು ಈಗಿನ ಎಲೆಕ್ಟ್ರಾನಿಕ್ಸ್ ಸಲೀಸಾಗಿ ಅಳೆಯುತ್ತದೆ. ಒಂದೆರಡು ಬ್ಲೇಡ್ ಅಲ್ಲ, ಸಾಲಿನ ಎಲ್ಲಾ ಬ್ಲೇಡ್‌ಗಳ ನಡುಕ ಒಟ್ಟಿಗೆ ಸಿಗುತ್ತದೆ. ಬಿಸಿಗೆ ಪೈರೋಮೀಟರ್ ಇದೆ. ಬ್ಲೇಡ್ ಹೊಳೆಯುವುದನ್ನು ನೋಡಿ ಬಿಸಿ ಹೇಳುತ್ತದೆ. ಕೆಲವು ಮಿಲಿಟರಿ ಎಂಜಿನ್‌ಗಳಲ್ಲಿ ಇದು ಕಾಯಂ ಆಗಿ ಇದ್ದದ್ದುಂಟು. ಲೆನ್ಸ್ ಮೇಲೆ ಮಸಿ ಕೂತರೆ ಕಣ್ಣು ಮಂಜಾಗುವುದು ಅದರ ಕೊರತೆ.

ನಾನು ಹಣ ಹೂಡುವವನಾಗಿದ್ದರೆ ನಡುಕ ಅಳೆಯಲು ಬ್ಲೇಡ್ ಮೇಲೆ ಏನನ್ನೂ ಅಂಟಿಸುತ್ತಿರಲಿಲ್ಲ. ಹೊರಗಿನ ಪ್ರೋಬ್ ಆ ಪೈಪೋಟಿಯನ್ನು ಗೆದ್ದಾಗಿದೆ. ಕಣ್ಣಿಗೆ ಕಾಣದ ಜಾಗಗಳಿವೆ: ಸೆರಾಮಿಕ್ ಲೇಪದ ಕೆಳಗಿನ ಲೋಹ, ಡಿಸ್ಕ್‌ನ ಅಂಚು, ಬ್ಲೇಡ್‌ನ ಬೇರು. ಅಲ್ಲಿಯ ಬಿಸಿ ಹೊರಗಿನಿಂದ ಗೊತ್ತಾಗುವುದಿಲ್ಲ. ಒಳಗಿನ ಸೆನ್ಸರ್‌ಗೆ ಕೆಲಸ ಇರುವುದು ಅಲ್ಲಿ. ಡಿಸ್ಕ್ ಅಂಚು ಬ್ಲೇಡ್ ಮೈಗಿಂತ ಎಷ್ಟೋ ತಂಪಾಗಿರುವುದರಿಂದ ಸಿಲಿಕಾನ್ ಕಾರ್ಬೈಡ್ ಚಿಪ್ ಬದುಕುವ ಜಾಗವೂ ಅಲ್ಲೇ ಎಲ್ಲೋ ಇದೆ.

ಮೊದಲು ಎಲ್ಲಿ ಬರುತ್ತದೆ?

ವಿಮಾನದಲ್ಲಿ ವೈರ್ ಕಡಿಮೆ ಮಾಡುವ ಒತ್ತಡ ನಿಜವಾದದ್ದೇ. ಏರ್‌ಬಸ್ ಎ380ರ ವೈರಿಂಗ್ ಗೋಜಲೇ 2006ರಲ್ಲಿ ಆ ವಿಮಾನವನ್ನು ತಡ ಮಾಡಿದ್ದು. ವಿಮಾನದ ಒಳಗಿನ ವೈರ್‌ಲೆಸ್ ಸಂಪರ್ಕಕ್ಕೆಂದು 2015ರ ವಿಶ್ವ ರೇಡಿಯೋ ಸಮ್ಮೇಳನ 4200ರಿಂದ 4400 ಮೆಗಾಹರ್ಟ್ಜ್ ಪಟ್ಟಿಯನ್ನು ಕೊಟ್ಟಿದೆ. ಎತ್ತರ ಅಳೆಯುವ ರೇಡಾರ್ ಆಲ್ಟಿಮೀಟರ್ ಕೂಡ ಅದೇ ಪಟ್ಟಿಯಲ್ಲಿದೆ. ಅದರ ಪಕ್ಕದ ಪಟ್ಟಿಯಲ್ಲಿ 5ಜಿ ಶುರುವಾದಾಗ 2022ರ ಜನವರಿಯಲ್ಲಿ ಅಮೆರಿಕದಲ್ಲಿ ಎಷ್ಟು ಗಲಾಟೆ ಆಯಿತು ಎಂದು ನೆನಪಿರಬಹುದು. ಆದರೆ ಈ ಪಟ್ಟಿ ಮುಖ್ಯವಾಗಿ ವಿಮಾನದ ಮೈ, ಬಾಗಿಲು, ಚಕ್ರಗಳ ಸೆನ್ಸರ್‌ಗಳಿಗೆ ಉಪಯೋಗ. ಎಂಜಿನ್ ಒಳಗಿನ ಲೆಕ್ಕ ಬೇರೆ. ಕೇಸಿಂಗ್ ತಾನೇ ಒಂದು ಲೋಹದ ಪೆಟ್ಟಿಗೆ. ಒಳಗಿನ ಅಲೆ ಹೊರಗೆ ಬರುವುದು ಕಮ್ಮಿ, ಹೊರಗಿನಿಂದ ಯಾರೂ ಸುಲಭವಾಗಿ ಕೆಡಿಸುವಂತೆಯೂ ಇಲ್ಲ.

ಅಡ್ಡ ಬರುವುದು ಗಂಟೆಗಳ ಲೆಕ್ಕ. ಪ್ರಯಾಣಿಕ ವಿಮಾನದ ಎಂಜಿನ್ ರೆಕ್ಕೆಯಿಂದ ಇಳಿಯದೆ ಹತ್ತು ಸಾವಿರ ಗಂಟೆಗೂ ಹೆಚ್ಚು ಓಡುವುದು ಮಾಮೂಲಿ. ಸೆನ್ಸರ್ ಅದಕ್ಕಿಂತ ಬೇಗ ಸತ್ತರೆ ಅದನ್ನು ಬದಲಿಸಲು ಎಂಜಿನ್ ಬಿಚ್ಚಬೇಕು. ಬ್ಲೇಡ್ ಚೆನ್ನಾಗಿದೆ, ಸೆನ್ಸರ್ ಕೆಟ್ಟಿದೆ ಎಂದು ಎಂಜಿನ್ ಇಳಿಸುವ ಏರ್‌ಲೈನ್ ಯಾವುದೂ ಇಲ್ಲ. ಸುಳ್ಳು ಎಚ್ಚರಿಕೆ ಕೊಟ್ಟರಂತೂ ಕೇಳುವುದೇ ಬೇಡ. ಹಾಗಾಗಿ ಇಂಥ ಸೆನ್ಸರ್‌ನ ಮಾತು ಕೇಳಿ ಎಂಜಿನ್ ನಿಯಂತ್ರಣ ಬದಲಿಸುವ ಕಾಲ ಇನ್ನೂ ದೂರ ಇದೆ.

ಟೆಸ್ಟ್ ಕೇಂದ್ರದಲ್ಲಿ ಈ ಯಾವ ತೊಂದರೆಯೂ ಇಲ್ಲ. ಅಲ್ಲಿ ಸೆನ್ಸರ್ ಐವತ್ತು ಗಂಟೆ ಬಾಳಿದರೂ ಸಾಕು. ಹೊಸ ಬ್ಲೇಡ್ ವಿನ್ಯಾಸದ ಕಂಪ್ಯೂಟರ್ ಲೆಕ್ಕ ಸರಿಯೋ ತಪ್ಪೋ ತಿಳಿದುಬಿಡುತ್ತದೆ. ಡಿಜಿಟಲ್ ಟ್ವಿನ್, ಅಂದರೆ ನಿಜವಾದ ಯಂತ್ರದ ಕಂಪ್ಯೂಟರ್ ಪ್ರತಿರೂಪ ಎಂದು ಎಲ್ಲರೂ ಕೂಗುತ್ತಿದ್ದಾರಲ್ಲ, ಆ ಮಾದರಿಗಳಿಗೆ ಆಧಾರ ಬೇಕೆಂದರೆ ಯಾರಾದರೂ ಒಂದು ಸಲವಾದರೂ ಒಳಗೆ ನಿಜವಾಗಿ ಅಳೆದಿರಬೇಕು. ಅದಾದ ಮೇಲೆ ವಿದ್ಯುತ್ ಸ್ಥಾವರದ ಟರ್ಬೈನ್‌ಗಳ ಸರದಿ ಎಂದು ನನ್ನ ಊಹೆ. ಅಲ್ಲಿ ತೂಕದ ಚಿಂತೆ ಇಲ್ಲ. ಕಾಯಿಲ್ ಇಡಲು ಜಾಗ ಧಾರಾಳ. ಯಂತ್ರ ನೆಲದ ಮೇಲಿದೆ, ಸೆನ್ಸರ್ ತಪ್ಪು ಹೇಳಿದರೆ ನಿಲ್ಲಿಸಿ ನೋಡಬಹುದು. ಅಂಥ ಒಂದು ಟರ್ಬೈನ್ ನಿಗದಿತ ದುರಸ್ತಿಗೆ ಬಂದಾಗ ಸೆನ್ಸರ್ ಇರುವ ನಾಲ್ಕು ಬ್ಲೇಡ್ ಹಾಕಿ, ಮುಂದಿನ ದುರಸ್ತಿಯವರೆಗೆ ಅವು ಸುಮ್ಮನಾಗದೆ ಉತ್ತರ ಕೊಟ್ಟರೆ, ಆಗ ವಿಮಾನದವರೂ ಇತ್ತ ತಿರುಗಿ ನೋಡುತ್ತಾರೆ.